ಅಚ್ಚಿನ ಆಯುಷ್ಯ, ಎರಕದ ಆದಾಯ

ನಮ್ಮ ಜಿಲ್ಲೆಯ ಉದ್ಯಮಗಳೆಂದರೆ ಇಳಕಲ್ ಸೀರೆ, ಗ್ರಾನೈಟ್, ಸಿಮೆಂಟ್, ಸಕ್ಕರೆ ಎಂಬ ಹೆಸರುಗಳು ತಟ್ಟನೆ ನೆನಪಾಗುತ್ತವೆ. ಈ ಲೇಖನದ ವಿಷಯವಾದ ಉದ್ಯಮ ಆ ಸಾಲಿನಲ್ಲಿ ಇಲ್ಲ. ಒಂದು ಕೋಣೆ, ಒಂದು ತಕ್ಕಡಿ, ಒಂದು ನಿರ್ವಾತ ಪಂಪು ಇದ್ದರೆ ಇದನ್ನು ಆರಂಭಿಸಬಹುದು. ರಬ್ಬರ್ ಅಚ್ಚಿನಲ್ಲಿ ರೆಸಿನ್ ಎರಕ ಹೊಯ್ದು ಚಿಕ್ಕ ಮಾದರಿಗಳನ್ನು ತಯಾರಿಸುವ ಕೆಲಸವಿದು. ಆರಂಭ ಸುಲಭವಾದದ್ದರಿಂದಲೇ ಇದರಲ್ಲಿ ಕೈಸುಟ್ಟುಕೊಳ್ಳುವುದೂ ಸುಲಭ.

ಕೆಲವು ವರ್ಷಗಳ ಹಿಂದೆ ನವನಗರದ ಯುವಕನೊಬ್ಬ ನನ್ನ ಕಚೇರಿಗೆ ಬಂದ. ಹೊಟಗಿ–ಗದಗ ಮಾರ್ಗದಲ್ಲಿ ಓಡುತ್ತಿದ್ದ ಹಳೆಯ ಮೀಟರ್ ಗೇಜ್ ಬೋಗಿಗಳ ಮಾದರಿ ಮಾಡುವುದು ಅವನ ಹಂಬಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಆ ಹಳಿ ಬಾಗಲಕೋಟೆ, ಬಾದಾಮಿಗಳನ್ನು ಸೊಲ್ಲಾಪುರಕ್ಕೂ ಹುಬ್ಬಳ್ಳಿಗೂ ಬೆಸೆದಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಮಾರ್ಗ ಬ್ರಾಡ್ ಗೇಜ್ ಆದ ಮೇಲೆ ಆ ಬೋಗಿಗಳು ಕಣ್ಮರೆಯಾದವು. ಅವುಗಳ ಚಿಕ್ಕ ಮಾದರಿಗೆ ಮುಂಬಯಿ, ಪುಣೆ, ಬೆಂಗಳೂರುಗಳ ಹವ್ಯಾಸಿಗಳಲ್ಲಿ ಬೇಡಿಕೆ ಇದೆಯೆಂಬ ಅವನ ಎಣಿಕೆ ತಪ್ಪಾಗಿರಲಿಲ್ಲ. ಬ್ಯಾಂಕ್ ಸಾಲಕ್ಕೆ ಯೋಜನಾ ವರದಿ ಸಿದ್ಧಪಡಿಸಿ ಸಹಿ ಹಾಕಿದವನು ನಾನೇ. ಆ ವರದಿಯಲ್ಲಿ ಅಚ್ಚಿನ ಖರ್ಚನ್ನು 'ಒಂದಾವರ್ತಿ ವೆಚ್ಚ'ವೆಂದು ಬರೆದೆ. ತಪ್ಪು ಅಲ್ಲಿಯೇ ಇತ್ತು.

ರೆಸಿನ್ ಏಕೆ?

ದೊಡ್ಡ ಕಾರ್ಖಾನೆಗಳು ಮಾದರಿ ರೈಲುಗಳನ್ನು ಉಕ್ಕಿನ ಅಚ್ಚಿನಲ್ಲಿ ಪ್ಲಾಸ್ಟಿಕ್ ತುಂಬಿ ತಯಾರಿಸುತ್ತವೆ. ಲಕ್ಷಗಟ್ಟಲೆ ಬೆಲೆಯ ಆ ಅಚ್ಚು ಸಾವಿರಾರು ಪ್ರತಿಗಳು ಮಾರಾಟವಾದರೆ ಮಾತ್ರ ಗಿಟ್ಟುತ್ತದೆ. ಜಗತ್ತಿನಲ್ಲಿ ಹೆಚ್ಚು ಪ್ರಚಲಿತವಾದ ಅಳತೆ 1:87. ಆ ಅಳತೆಯಲ್ಲಿ 16.5 ಮಿ.ಮೀ. ಹಳಿ 1,435 ಮಿ.ಮೀ. ಗೇಜನ್ನು ಪ್ರತಿನಿಧಿಸುತ್ತದೆ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಇರುವುದರಿಂದ ಅದೇ ಅಳತೆಗೆ 19 ಮಿ.ಮೀ.ಗೂ ಮಿಕ್ಕ ಹಳಿ ಬೇಕು; ಮೀಟರ್ ಗೇಜಿಗೆ ಸುಮಾರು 12 ಮಿ.ಮೀ. ಸಾಕು. ಇಂಥ ನಮ್ಮ ಬೋಗಿಗಳಿಗೆ ಗಿರಾಕಿಗಳು ನೂರಿನ್ನೂರು ಮಂದಿ ಮಾತ್ರ. ಆದ್ದರಿಂದ ದೊಡ್ಡವರು ಬಿಟ್ಟ ಈ ಸಂದಿನಲ್ಲಿ ಸಣ್ಣ ಉದ್ಯಮಿಗೆ ಅವಕಾಶವಿದೆ.

ಕೆಲಸದ ಕ್ರಮ

ಮೊದಲು ಮೂಲಪ್ರತಿ. ಬೋಗಿಯ ಪಕ್ಕ, ಚಾವಣಿ, ಚಕ್ರದ ಚೌಕಟ್ಟುಗಳನ್ನು ಪ್ಲಾಸ್ಟಿಕ್ ಹಾಳೆಯಿಂದಲೋ ತ್ರಿ-ಆಯಾಮ ಮುದ್ರಣದಿಂದಲೋ ಸಿದ್ಧಪಡಿಸುತ್ತಾರೆ. ಸಿಲಿಕೋನ್ ರಬ್ಬರ್ ಬೆರಳಚ್ಚನ್ನೂ ಬಿಡದೆ ಎತ್ತಿಕೊಳ್ಳುವುದರಿಂದ ಮೂಲಪ್ರತಿಯ ನಯಗಾರಿಕೆಯೇ ಮುಂದಿನ ಎಲ್ಲ ಪ್ರತಿಗಳ ನಯಗಾರಿಕೆ. ಬಳಿಕ ಅದನ್ನು ಜೇಡಿಯಲ್ಲಿ ಅರ್ಧ ಹುದುಗಿಸಿ, ಪೆಟ್ಟಿಗೆ ಕಟ್ಟಿ, ಒಂದು ಮೂಲೆಯಿಂದ ಸಣ್ಣ ಧಾರೆಯಾಗಿ ರಬ್ಬರ್ ಸುರಿಯುತ್ತಾರೆ. ಅದು ಗಟ್ಟಿಯಾದ ಮೇಲೆ ಜೇಡಿ ತೆಗೆದು, ಅಂಟದಂತೆ ಲೇಪ ಹಚ್ಚಿ, ಇನ್ನರ್ಧವನ್ನು ಸುರಿಯುತ್ತಾರೆ. ಗಾಳಿ ಹೊರಹೋಗಲು ದಾರಿ ಬಿಡದಿದ್ದರೆ ಎರಕದಲ್ಲಿ ಗುಳ್ಳೆ ಉಳಿಯುತ್ತದೆ. ಪ್ಲಾಟಿನಂ ವರ್ಗದ ಸಿಲಿಕೋನ್ ಬಳಸುವವರು ಗಂಧಕವಿರುವ ಜೇಡಿಯನ್ನೂ ಲೇಟೆಕ್ಸ್ ಕೈಗವಸನ್ನೂ ದೂರವಿಡಬೇಕು; ಅವು ತಾಗಿದೆಡೆ ರಬ್ಬರ್ ಗಟ್ಟಿಯಾಗುವುದೇ ಇಲ್ಲ.

ಎರಕಕ್ಕೆ ಹೆಚ್ಚಾಗಿ ಎರಡು ದ್ರವಗಳ ಪಾಲಿಯುರೆಥೇನ್ ರೆಸಿನ್ ಬಳಕೆಯಲ್ಲಿದೆ. ಬೆರೆಸಿದ ಕೆಲವೇ ನಿಮಿಷಗಳಲ್ಲಿ ಇದು ಗಟ್ಟಿಯಾಗತೊಡಗುತ್ತದೆ. ನಮ್ಮ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಆ ಕಾಲಾವಕಾಶ ಇನ್ನೂ ಕುಗ್ಗುತ್ತದೆ. ಮಳೆಗಾಲದ ತೇವ ಸೇರಿದರೆ ಅನಿಲ ಹುಟ್ಟಿ ರೆಸಿನ್ ನೊರೆಗಟ್ಟುತ್ತದೆ. ಒಮ್ಮೆ ತೆರೆದ ಡಬ್ಬಿ ಬಹಳ ದಿನ ಬಾಳುವುದಿಲ್ಲ. ರಿಯಾಯಿತಿಯ ಆಸೆಗೆ ದೊಡ್ಡ ಡಬ್ಬಿ ಕೊಂಡವನ ದಾಸ್ತಾನು ಕಪಾಟಿನಲ್ಲಿಯೇ ಹಾಳಾಗುತ್ತದೆ. ಇದರ ಆವಿ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಗಾಳಿಯಾಡುವ ಕೋಣೆ, ಸೂಕ್ತ ಮುಖಕವಚ ಕಡ್ಡಾಯ.

ತಪ್ಪಿದ ಲೆಕ್ಕ

ಒಂದೂವರೆ ವರ್ಷದ ಬಳಿಕ ಆ ಯುವಕ ಕೈಚೀಲದ ತುಂಬ ಬಿಲ್ಲು ಹಿಡಿದು ಮತ್ತೆ ಬಂದ. "ಸಾಹೇಬ್ರ, ಆರ್ಡರ್ ಬರಾಕತ್ತಾವ್ರಿ, ಕೈಯಾಗ ರೊಕ್ಕ ಮಾತ್ರ ಉಳಿವಲ್ದು" ಎಂದ. ಸಾಲದ ಕಂತಿಗಾಗಿ ತಾಯಿಯ ಬಳೆಗಳು ಒತ್ತೆಗೆ ಹೋಗಿದ್ದವು. ಇಬ್ಬರೂ ಕೂಡಿ ಲೆಕ್ಕ ಬಿಡಿಸಿದೆವು. ಅದರ ಸ್ವರೂಪ ತಿಳಿಯಲೆಂದು ಅಂಕಿಗಳನ್ನು ಸರಳಗೊಳಿಸಿ ಇಲ್ಲಿ ಕೊಡುತ್ತೇನೆ.

ಒಂದು ಬೋಗಿಗೆ ರೆಸಿನ್ 90 ರೂ., ಕೂಲಿ 60 ರೂ., ಒಟ್ಟು 150 ರೂ. ಅವನು 220 ರೂಪಾಯಿಗೆ ಮಾರಿ 70 ರೂ. ಲಾಭವೆಂದು ತಿಳಿದಿದ್ದ. ಆದರೆ 2,400 ರೂಪಾಯಿಯ ಅಚ್ಚು 30 ಎರಕಕ್ಕೆ ಹರಿದುಹೋಗುತ್ತಿತ್ತು. ಅವುಗಳಲ್ಲಿ 6 ಎರಕಗಳು ಗುಳ್ಳೆಯಿಂದ ಕೆಟ್ಟು, ಮಾರಲು ಯೋಗ್ಯವಾದವು 24 ಮಾತ್ರ. 30 ಎರಕಗಳ ಖರ್ಚು 4,500 ರೂಪಾಯಿಯನ್ನು 24ಕ್ಕೆ ಹಂಚಿದರೆ ತಲಾ 187.50 ರೂ.; ಅಚ್ಚಿನ ಪಾಲು 100 ರೂ. ಒಟ್ಟು 287.50 ರೂ. ಪ್ರತಿ ಬೋಗಿಗೆ 67.50 ರೂ. ನಷ್ಟ! ಆರ್ಡರ್ ಹೆಚ್ಚಿದಷ್ಟೂ ನಷ್ಟ ಹೆಚ್ಚುತ್ತಿತ್ತು. ಇನ್ನು ಮೂಲಪ್ರತಿಗೆ ತಗುಲಿದ 12,000 ರೂ. ಬೇರೆ. 240 ಬೋಗಿ ಮಾರಿದರೆ ಅದರ ಪಾಲು ತಲಾ 50 ರೂ.; 60 ಮಾತ್ರ ಮಾರಿದರೆ 200 ರೂ.

ಮೂಲಪ್ರತಿ ವರ್ಷಗಟ್ಟಲೆ ಬಾಳುವ ಆಸ್ತಿ. ಅದಕ್ಕೆ ಸವಕಳಿ ಹಿಡಿಯಬೇಕು. ರಬ್ಬರ್ ಅಚ್ಚಾದರೋ ಖರ್ಚಾಗಿ ಹೋಗುವ ಸಾಮಗ್ರಿ. ಅದು ಕಚ್ಚಾ ಮಾಲಿನ ಸಾಲಿಗೆ ಸೇರಬೇಕು. ಈ ಭೇದವನ್ನು ವರದಿ ಬರೆಯುವಾಗಲೇ ನಾನು ಕೇಳಿ ತಿಳಿಯಬೇಕಿತ್ತು.

ತೆರಿಗೆ ಮತ್ತು ಕಾನೂನು

ಜಿ.ಎಸ್.ಟಿ. ರಾಜಿ ಪದ್ಧತಿ ಸಣ್ಣ ತಯಾರಕರಿಗೆ ಆಕರ್ಷಕವಾಗಿ ಕಾಣುತ್ತದೆ. ಆದರೆ ಆ ಪದ್ಧತಿಯಲ್ಲಿ ಹೊರರಾಜ್ಯಕ್ಕೆ ಮಾರುವಂತಿಲ್ಲ. ರೆಸಿನ್, ರಬ್ಬರ್ ಮೇಲೆ ತೆತ್ತ ತೆರಿಗೆಯೂ ಮರಳದು. ಮುಂಬಯಿಯ ಗಿರಾಕಿಯನ್ನು ನಂಬಿದವರಿಗೆ ಸಾಮಾನ್ಯ ನೋಂದಣಿಯೇ ದಾರಿ. 14 ವರ್ಷದೊಳಗಿನ ಮಕ್ಕಳ ಆಟಿಕೆಯಾಗಿ ಮಾರುವುದಾದರೆ 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶವನ್ನೂ ಗಮನಿಸಬೇಕು.

ಇದೇ ವಿದ್ಯೆಯಿಂದ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಶಿಲ್ಪಗಳ ಪ್ರತಿಕೃತಿಗಳನ್ನೂ ಮಾಡಬಹುದು. ಆದರೆ ಮೂಲ ಶಿಲ್ಪದ ಮೇಲೆ ರಬ್ಬರ್ ಸುರಿಯುವ ಯೋಚನೆಯೇ ಬೇಡ. ಸಂರಕ್ಷಿತ ಸ್ಮಾರಕಕ್ಕೆ ಧಕ್ಕೆ ತರುವುದು 1958ರ ಕಾಯಿದೆಯಂತೆ ಅಪರಾಧ. ಶಿಲ್ಪಿಯಿಂದ ಹೊಸ ಮೂಲಪ್ರತಿ ಮಾಡಿಸುವುದೇ ಸರಿ. ಇಳಕಲ್, ಹುನಗುಂದಗಳ ಕಲ್ಲಿನ ಪುಡಿಯನ್ನು ರೆಸಿನ್‌ಗೆ ಬೆರೆಸಿ ಕಲ್ಲಿನ ಮೈ ತರಬಹುದು. ಕೆಂಪು ಗ್ರಾನೈಟ್ ನುಣ್ಣಗಾದಂತೆ ಬಿಳಿಚಿಕೊಳ್ಳುವುದರಿಂದ ಬಾದಾಮಿಯ ಮರಳುಗಲ್ಲಿನ ಕೆಂಪಿಗೆ ಬಣ್ಣ ಸೇರಿಸಲೇಬೇಕು. ಪುಡಿ ಒಣಗಿದ್ದು, ನುಣುಪಾಗಿದ್ದಷ್ಟು ಒಳ್ಳೆಯದು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಅಚ್ಚಿಗೊಂದು ಜಾತಕ

ಈಗ ಆ ಯುವಕ ಪ್ರತಿ ಅಚ್ಚಿಗೂ ಸಂಖ್ಯೆ ಕೊಟ್ಟು, ಹೊಯ್ದ ದಿನ, ಎರಕ ಎಷ್ಟು, ಕೆಟ್ಟದ್ದೆಷ್ಟು ಎಂಬುದನ್ನು ಪುಸ್ತಕದಲ್ಲಿ ಬರೆಯುತ್ತಾನೆ. ಬೆಲೆ ಏರಿಸಿದಾಗ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಬಿಟ್ಟುಹೋದರು. ಉಳಿದವರು ಮುಂಗಡ ಕೊಟ್ಟು ಕಾಯುತ್ತಾರೆ. ಉದ್ಯಮ ಚಿಕ್ಕದಾಯಿತು, ಆದರೆ ಉಳಿಯಿತು. ಬಳೆಗಳಲ್ಲಿ ಒಂದು ಜೊತೆ ಮನೆಗೆ ಮರಳಿದೆ, ಇನ್ನೊಂದು ಜೊತೆ ಬಾಕಿ ಇದೆ. ಹೊಸ ಉದ್ಯಮದ ವರದಿ ಬರೆಯುವ ಮುನ್ನ ನಾನೀಗ ಕೇಳುವ ಮೊದಲ ಪ್ರಶ್ನೆ: ಇದರಲ್ಲಿ ಸವೆಯುವುದು ಯಾವುದು, ಎಷ್ಟು ದಿನಕ್ಕೆ?