ಪಿಎಚ್‌.ಡಿ. ದಾರಿಯ ನಡುವೆ ಒಂದು ಪರೀಕ್ಷೆ ಇರಲಿ

ಮುಂಬೈಯ ವಿಲೆ ಪಾರ್ಲೆಯಲ್ಲಿ ವಿದ್ಯಾಸಂಸ್ಥೆಗಳದ್ದೇ ಕಾರುಬಾರು. ತಿಲಕರ ನೆನಪಿಗಾಗಿ 1921ರಲ್ಲಿ ಆರಂಭವಾದ ಪಾರ್ಲೆ ತಿಲಕ್ ವಿದ್ಯಾಲಯ, 1959ರ ಸಾಠ್ಯೇ ಕಾಲೇಜು ಸ್ಟೇಷನ್ನಿನ ಪೂರ್ವಕ್ಕೆ. 1961ರ ಮೀಠಿಬಾಯಿ ಕಾಲೇಜು, 1981ರಲ್ಲಿ ಹುಟ್ಟಿ 2003ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ನರ್ಸೀ ಮೊಂಜೀ ಸಂಸ್ಥೆ ಪಶ್ಚಿಮಕ್ಕೆ. ಪಕ್ಕದ ಜುಹೂ ರಸ್ತೆಯಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಆವರಣ, ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯ. ಇಷ್ಟೊಂದು ಸಂಸ್ಥೆಗಳಿದ್ದ ಮೇಲೆ ಅವುಗಳನ್ನು ನಡೆಸುವವರೂ ಬೇಕಲ್ಲ! ಕಾಲೇಜಿನ ಪ್ರಾಂಶುಪಾಲರಾಗಲು ಏನೇನು ಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಹೇಳುತ್ತದೆ: ಪಿಎಚ್‌.ಡಿ., 15 ವರ್ಷಗಳ ಬೋಧನೆ ಅಥವಾ ಸಂಶೋಧನೆಯ ಅನುಭವ, ಕನಿಷ್ಠ 10 ಸಂಶೋಧನಾ ಪ್ರಕಟಣೆಗಳು. ಅಂದರೆ ಪ್ರಾಂಶುಪಾಲರ ಕುರ್ಚಿಗೆ ಹೋಗುವ ದಾರಿ ಪಿಎಚ್‌.ಡಿ.ಯ ಮೂಲಕವೇ ಸಾಗುತ್ತದೆ. ಸಸ್ಯಶಾಸ್ತ್ರದಲ್ಲೋ ವಾಣಿಜ್ಯದಲ್ಲೋ ಡಾಕ್ಟರೇಟ್ ಪಡೆದವರಿಗೆ ಆಡಳಿತ ಗೊತ್ತಿರಬೇಕೆಂದು ಆ ಪದವಿಯಿಂದ ನಿರೀಕ್ಷಿಸುವಂತಿಲ್ಲ, ನಿಜ. ಆದರೆ ಶಿಕ್ಷಣದ ಆಡಳಿತ ಮತ್ತು ನಾಯಕತ್ವದಲ್ಲೇ ಡಾಕ್ಟರೇಟ್ ಮಾಡುವವರಿಗಾದರೂ ಆ ಕ್ಷೇತ್ರ ಇಡಿಯಾಗಿ ತಿಳಿದಿದೆಯೇ ಎಂದು ಯಾರಾದರೂ, ಯಾವಾಗಲಾದರೂ ಪರೀಕ್ಷಿಸುತ್ತಾರೆಯೇ?

ನಮ್ಮ ವ್ಯವಸ್ಥೆಯನ್ನು ನೋಡಿದರೆ ಪರೀಕ್ಷೆಗಳಿಗೇನೂ ಬರವಿಲ್ಲ. ಯುಜಿಸಿ 2022ರ ನವೆಂಬರಿನಲ್ಲಿ ಹೊರಡಿಸಿದ ಪಿಎಚ್‌.ಡಿ. ನಿಯಮಗಳ ಪ್ರಕಾರ ಮೊದಲು ಪ್ರವೇಶ, ಆಮೇಲೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್, ಅದರಲ್ಲಿ ಕನಿಷ್ಠ ಶೇ. 55 ಅಂಕ. ಸಂಶೋಧನಾ ಸಲಹಾ ಸಮಿತಿ ವಿಷಯವನ್ನು ಅಂತಿಮಗೊಳಿಸುತ್ತದೆ. ಪ್ರತಿ ಸೆಮಿಸ್ಟರಿನಲ್ಲೂ ಅದರ ಮುಂದೆ ಪ್ರಗತಿ ಒಪ್ಪಿಸಬೇಕು. ಕೊನೆಗೆ ಮಹಾಪ್ರಬಂಧ, ಮೌಲ್ಯಮಾಪನ, ವೈವಾ. 2024ರಿಂದ ಪ್ರವೇಶಕ್ಕೆ, ಅಧ್ಯಾಪಕ ಹುದ್ದೆಯ ಅರ್ಹತೆಗೆಂದು ನಡೆಯುವ ಎನ್‌ಇಟಿ ಪರೀಕ್ಷೆಯ ಅಂಕಗಳನ್ನೂ ಬಳಸಲಾಗುತ್ತಿದೆ. ಎನ್‌ಇಟಿಯ ಶಿಕ್ಷಣ ವಿಷಯದ ಪಠ್ಯದಲ್ಲಿರುವ ಹತ್ತು ಘಟಕಗಳಲ್ಲಿ ಆಡಳಿತ ಮತ್ತು ನಾಯಕತ್ವದ್ದು ಒಂದು; ಕೇಳುವುದು ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು. ಹೀಗೆ ಬಾಗಿಲಲ್ಲಿ ನೆನಪಿನ ಪರೀಕ್ಷೆ, ಕೊನೆಯಲ್ಲಿ ಬರೆದು ಮುಗಿಸಿದ ಪ್ರಬಂಧದ ಪರೀಕ್ಷೆ. ಓದಿದ್ದನ್ನೆಲ್ಲ ಕೂಡಿಸಿ ಯೋಚಿಸಬಲ್ಲ ಶಕ್ತಿ ಬಂದಿದೆಯೇ ಎಂದು ನೋಡುವ ಪರೀಕ್ಷೆ ಇವೆರಡರ ನಡುವೆ ಕಡ್ಡಾಯವಾಗಿಲ್ಲ.

ಅಮೆರಿಕದ ಡಾಕ್ಟರೇಟ್‌ಗಳಲ್ಲಿ ಆ ನಡುವಣ ಜಾಗವನ್ನು ತುಂಬುವುದೇ ಅರ್ಹತಾ ಪರೀಕ್ಷೆ. ಹಾರ್ವರ್ಡ್ 1920ರ ದಶಕದ ಆರಂಭದಲ್ಲಿ ಶಿಕ್ಷಣಕ್ಕೆಂದೇ ಪ್ರತ್ಯೇಕ ಡಾಕ್ಟರೇಟ್ ಪದವಿಯನ್ನು ಶುರುಮಾಡಿತು. ಇಂದು ಅಲ್ಲಿನ ಶಾಲಾ ಆಡಳಿತಗಾರರಲ್ಲಿ ಅನೇಕರು ಇಂಥ ಪದವಿ ಪಡೆದವರು. ಈ ಡಾಕ್ಟರೇಟ್‌ಗಳಲ್ಲಿ ಕೋರ್ಸ್‌ವರ್ಕ್ ಮುಗಿಸಿದ ವಿದ್ಯಾರ್ಥಿ ಮಹಾಪ್ರಬಂಧಕ್ಕೆ ಕೈಹಾಕುವ ಮೊದಲು ಹಲವು ಕೋರ್ಸ್‌ಗಳ ತಿಳಿವಳಿಕೆಯನ್ನು ಒಟ್ಟುಗೂಡಿಸಿ ಉತ್ತರಿಸಬೇಕಾದ ಪ್ರಶ್ನೆಗಳನ್ನು ಎದುರಿಸುತ್ತಾನೆ. ಕೆಲವೆಡೆ ಕೋಣೆಯಲ್ಲಿ ಕೂತು ಬರೆಯುವುದು, ಕೆಲವೆಡೆ ಮನೆಗೆ ಒಯ್ದು ಗೊತ್ತಾದ ದಿನಗಳೊಳಗೆ ಬರೆದು ಕೊಡುವುದು, ಹಲವೆಡೆ ಅದರ ಮೇಲೆ ಮೌಖಿಕ ಪ್ರಶ್ನೋತ್ತರ. ಪಾಸಾದವನು ಅಲ್ಲಿಯ ಲೆಕ್ಕದಲ್ಲಿ ವಿದ್ಯಾರ್ಥಿ ಹೋಗಿ ಡಾಕ್ಟರೇಟ್ ಅಭ್ಯರ್ಥಿಯಾಗುತ್ತಾನೆ.

ಉಳಿದ ಶಾಸ್ತ್ರಗಳಿಗಿಂತ ಶೈಕ್ಷಣಿಕ ನಾಯಕತ್ವಕ್ಕೆ ಈ ಘಟ್ಟ ಹೆಚ್ಚು ಅಗತ್ಯ. ಕಾನೂನು, ಹಣಕಾಸು, ಮಕ್ಕಳ ಕಲಿಕೆ, ಸಮಾಜಶಾಸ್ತ್ರ, ಭಾಷಾನೀತಿ ಎಲ್ಲವೂ ಸೇರಿ ಆದ ವಿಷಯವಿದು. ಪ್ರಬಂಧವೋ ಇವುಗಳಲ್ಲಿ ಯಾವುದೋ ಒಂದು ಮೂಲೆಯನ್ನು ಮಾತ್ರ ಅಗೆಯುತ್ತದೆ. ಒಂದು ಪ್ರಶ್ನೆಯನ್ನು ಊಹಿಸಿಕೊಳ್ಳೋಣ. ಮುಂಬೈ ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದಲ್ಲೂ ಶಾಲೆಗಳನ್ನು ನಡೆಸುತ್ತ ಬಂದಿದೆ. ಅಂಥ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಮುಖ್ಯಶಿಕ್ಷಕರು ಏನು ಮಾಡಬೇಕು? ಉತ್ತರ ಬರೆಯುವವರಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಗೊತ್ತಿರಬೇಕು: ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು ಎಂಬ ಲೆಕ್ಕ, ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂಬ ವಿಧಿ. ಪೋಷಕರು ಇಂಗ್ಲಿಷ್ ಮಾಧ್ಯಮಕ್ಕೆ ಏಕೆ ಹೋಗುತ್ತಾರೆ ಎಂಬ ಸಮಾಜದ ಅರಿವು ಬೇಕು. ಇಬ್ಬರೇ ಶಿಕ್ಷಕರು ಐದು ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಬೋಧನಾ ಕ್ರಮ ತಿಳಿದಿರಬೇಕು. ಶಾಲೆಯನ್ನು ಇನ್ನೊಂದರ ಜೊತೆ ವಿಲೀನ ಮಾಡಿದರೆ ಉಳಿಯುವ ಹಣವೆಷ್ಟು, ಅರ್ಧದಲ್ಲೇ ಶಾಲೆ ಬಿಡುವ ಮಕ್ಕಳು ಯಾರು ಎಂದು ಎರಡನ್ನೂ ತೂಗಿ ನೋಡಬೇಕು. ಕೊನೆಗೆ, ಯಾವ ಅಂಕಿಅಂಶ ಸಿಕ್ಕರೆ ತನ್ನ ನಿರ್ಧಾರ ಬದಲಾಗುತ್ತದೆ ಎಂದು ಹೇಳಬೇಕು. ನಾಲ್ಕರಲ್ಲಿ ಒಂದನ್ನು ಆರಿಸಿ ಈ ಯೋಗ್ಯತೆಯನ್ನು ತೋರಿಸಲಾಗದು. ಪ್ರಾಂಶುಪಾಲರ ಮನೋಭಾವದ ಬಗ್ಗೆ ನೂರು ಪ್ರಶ್ನಾವಳಿ ಹಂಚಿ, ಶೇಕಡಾವಾರು ಕೋಷ್ಟಕ ಹಾಕಿದ ಪ್ರಬಂಧದಲ್ಲೂ ಅದು ಕಾಣಬೇಕೆಂದಿಲ್ಲ.

ಇಂಥ ಪರೀಕ್ಷೆಯನ್ನು ಇಲ್ಲಿಯೂ ತರಬೇಕೆಂಬುದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಕೋರ್ಸ್‌ವರ್ಕ್ ಪರೀಕ್ಷೆಯೂ ಸಲಹಾ ಸಮಿತಿಯೂ ಇರುವಾಗ ಇನ್ನೊಂದೇಕೆ ಎಂಬುದು ಮೊದಲನೆಯದು. ಕೋರ್ಸ್‌ವರ್ಕ್ ಒಂದೊಂದು ಪತ್ರಿಕೆಯನ್ನು ಬಿಡಿಬಿಡಿಯಾಗಿ ಅಳೆಯುತ್ತದೆ; ಸಮಿತಿ ಅಭ್ಯರ್ಥಿಯ ವಿಷಯವನ್ನು ನೋಡುತ್ತದೆಯೇ ಹೊರತು ಕ್ಷೇತ್ರದ ಮೇಲಿನ ಹಿಡಿತವನ್ನು ಅಳೆಯಬೇಕೆಂಬ ಕಟ್ಟು ಅದಕ್ಕಿಲ್ಲ. ಹಗಲೆಲ್ಲ ಪಾಠ ಮಾಡಿ, ಲೋಕಲ್ ಟ್ರೇನಿನಲ್ಲಿ ಮನೆ ಸೇರಿ, ರಾತ್ರಿ ಓದುವ ಶಿಕ್ಷಕಿಗೆ ಇದು ಹೊರೆಯಲ್ಲವೇ ಎಂಬುದು ಎರಡನೆಯದು, ಮತ್ತು ಎಲ್ಲಕ್ಕಿಂತ ಗಂಭೀರವಾದದ್ದು. ಹೊರೆ ಹೌದು. ಅದಕ್ಕೇ ಪುಸ್ತಕ ತೆರೆದಿಟ್ಟು ಎರಡು ವಾರಗಳಲ್ಲಿ ಬರೆಯುವ ಅವಕಾಶವಿರಬೇಕು, ತಪ್ಪಿದವರಿಗೆ ಇನ್ನೊಂದು ಅವಕಾಶವೂ ಇರಬೇಕು. ಆದರೆ ಪಿಎಚ್‌.ಡಿ.ಗೆ ನಿಯಮದಲ್ಲಿ ಆರು ವರ್ಷಗಳ ಅವಧಿ ಇದೆ. ತಳಹದಿ ಗಟ್ಟಿಯಿಲ್ಲವೆಂದು ಎರಡನೇ ವರ್ಷದಲ್ಲಿ ತಿಳಿಯುವುದಕ್ಕಿಂತ ಆರನೇ ವರ್ಷದಲ್ಲಿ ತಿಳಿಯುವುದು ಹೆಚ್ಚು ಕ್ರೂರ. ವಿದ್ಯಾರ್ಥಿಗೆ ಕಾಟ ಕೊಡಲು ಗೈಡಿಗೂ ವಿಭಾಗಕ್ಕೂ ಇನ್ನೊಂದು ಅಸ್ತ್ರ ಸಿಕ್ಕಂತಾಗುತ್ತದೆ ಎಂಬ ಭಯವೂ ಸುಳ್ಳಲ್ಲ. ಹೊರಗಿನ ಪರೀಕ್ಷಕರಿದ್ದು, ಅಳೆಯುವ ಮಾನದಂಡಗಳನ್ನು ಮೊದಲೇ ಬರೆದು ಕೊಟ್ಟರೆ ಗೈಡಿನ ಮರ್ಜಿಯೊಂದರ ಮೇಲೆ ನಿಂತ ಈಗಿನ ಅವಲಂಬನೆ ಕಡಿಮೆಯಾಗುತ್ತದೆ. ಅಮೆರಿಕದಲ್ಲೂ ಈ ಪರೀಕ್ಷೆ ಟೀಕೆಗೆ ಗುರಿಯಾಗಿದೆ. ನೆನಪಿನಿಂದ ಬರೆಯುವ ಪದ್ಧತಿಯನ್ನು ಬಿಟ್ಟು ದೀರ್ಘ ಪ್ರಬಂಧವನ್ನೋ ಕೆಲಸದ ಕಡತವನ್ನೋ ಒಪ್ಪುವ ಕಾರ್ಯಕ್ರಮಗಳಿವೆ. ಶಿಕ್ಷಣದ ಡಾಕ್ಟರೇಟನ್ನು ತಿದ್ದಲೆಂದು ಅಲ್ಲಿ 2007ರಲ್ಲಿ ಶುರುವಾದ ಕಾರ್ನೆಗಿ ಯೋಜನೆ, ಶಾಲೆ ನಡೆಸುವವರ ಡಾಕ್ಟರೇಟ್ ನಿಜವಾದ ಶಾಲೆಯ ಸಮಸ್ಯೆಯಿಂದಲೇ ಹುಟ್ಟಬೇಕೆಂದು ಒತ್ತಾಯಿಸುತ್ತ ಬಂದಿದೆ. ನಾವು ಕಲಿಯಬೇಕಾದದ್ದು ಆ ತಿದ್ದಿದ ರೂಪವನ್ನು.

ಇದಕ್ಕಾಗಿ ಹೊಸ ಕಾನೂನಿಗೆ ಕಾಯಬೇಕಾಗಿಲ್ಲ. ಯುಜಿಸಿ ಹೇಳುವುದು ಕನಿಷ್ಠ ಮಾನದಂಡವನ್ನು. ಸಲಹಾ ಸಮಿತಿ ಸಂಶೋಧನಾ ವಿಷಯವನ್ನು ಒಪ್ಪುವ ಸೆಮಿಸ್ಟರಿನಲ್ಲೇ ಇಂಥ ಒಂದು ಲಿಖಿತ ಪ್ರಬಂಧವನ್ನೂ ಒಂದು ಗಂಟೆಯ ಮೌಖಿಕವನ್ನೂ ವಿಶ್ವವಿದ್ಯಾಲಯಗಳು ಸೇರಿಸಬಹುದು. ದಿಲ್ಲಿಯ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಮುಖ್ಯಶಿಕ್ಷಕರಿಗೆ ತರಬೇತಿ ನೀಡುತ್ತ ಬಂದಿದೆ. ಅಂಥ ಕೇಂದ್ರಗಳ ನೆರವಿನಿಂದ ನೈಜ ಶಾಲೆಗಳ ಪ್ರಕರಣಗಳನ್ನು ಪ್ರಶ್ನೆಗಳಾಗಿ ರೂಪಿಸಬಹುದು. ಮುಂಬೈಯ ವಿಶ್ವವಿದ್ಯಾಲಯಗಳೂ ಕರ್ನಾಟಕದ ಶಿಕ್ಷಣ ವಿಭಾಗಗಳೂ ಮುಂದಿನ ತಂಡದಿಂದಲೇ ಇದನ್ನು ಪ್ರಯೋಗವಾಗಿ ಆರಂಭಿಸಲಿ. ನಾಳೆ ಸಾವಿರಾರು ಮಕ್ಕಳ ಹೊಣೆ ಹೊರುವವರಿಂದ ಇಂದು ಒಂದು ಶಾಲೆಯ ಬಗ್ಗೆ ನೆಟ್ಟಗಿನ ಉತ್ತರ ಕೇಳುವುದು ಅತಿಯಾಸೆಯಲ್ಲ.