ಹೊಸ ಎಂಜಿನ್ನು, ಹಳೇ ಕರೆಂಟು

ಮಾದರಿ ರೈಲುಗಳ ಲೋಕದಲ್ಲಿ ಹೆಚ್ಚಿನವರು ಒಂದೇ ದಿಕ್ಕಿಗೆ ಹೊರಟವರು. ಹಳೆಯ ಎಂಜಿನ್ನಿನ ಹೊಟ್ಟೆಗೆ ಚಿಪ್ ಸೇರಿಸಿ ಅದನ್ನು ಡಿಜಿಟಲ್ ಮಾಡುತ್ತಾರೆ. ಪುಸ್ತಕಗಳು ಹೇಳಿಕೊಡುವುದು ಅದನ್ನೇ, ಅಂಗಡಿಯವರು ಮಾರುವುದೂ ಅದನ್ನೇ. ಆದರೆ ಜರ್ಮನಿ, ಇಂಗ್ಲೆಂಡ್, ಅಮೆರಿಕದ ಹವ್ಯಾಸಿಗಳಲ್ಲಿ ಕೆಲವರು ಎದುರು ದಾರಿ ಹಿಡಿದಿದ್ದಾರೆ. ಕಾರ್ಖಾನೆಯಿಂದಲೇ ಡಿಜಿಟಲ್ ಆಗಿ ಬಂದ ಎಂಜಿನ್ನಿನ ಕವಚ ಬಿಚ್ಚಿ, ಚಿಪ್ ತೆಗೆದು, ಅದನ್ನು ತಾತನ ಕಾಲದ 12 ವೋಲ್ಟ್ ಕರೆಂಟಿಗೆ ಒಗ್ಗಿಸುತ್ತಾರೆ. ಕೇಳಿದವರಿಗೆ ಇದು ತಲೆಹರಟೆ ಅನ್ನಿಸಬಹುದು. ಕಾರಣ ತಿಳಿದರೆ ಹಾಗನ್ನಿಸುವುದಿಲ್ಲ.

ಹಳೆಯ ಪದ್ಧತಿ ತೀರಾ ಸರಳ. ಎರಡು ಹಳಿಗಳ ನಡುವೆ ಸೊನ್ನೆಯಿಂದ 12 ವೋಲ್ಟ್‌ವರೆಗಿನ ಡಿ.ಸಿ. ವಿದ್ಯುತ್. ಕಂಟ್ರೋಲರಿನ ಗುಂಡಿ ತಿರುಗಿಸಿದಷ್ಟು ವೇಗ. ಧನ ಋಣ ಅದಲುಬದಲಾದರೆ ಎಂಜಿನ್ ಹಿಂದಕ್ಕೆ. ಚಕ್ರ ಎತ್ತಿಕೊಂಡ ಕರೆಂಟು ನೇರವಾಗಿ ಮೋಟಾರಿಗೆ ಹೋಗುತ್ತದೆ, ನಡುವೆ ಯಾರೂ ಇಲ್ಲ. ತೊಂದರೆ ಒಂದೇ: ಒಂದೇ ಹಳಿಯಲ್ಲಿ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಹೊರಡುತ್ತವೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕಾದರೆ ಹಳಿಯನ್ನೇ ತುಂಡು ತುಂಡಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಸ್ವಿಚ್ ಹಾಕಬೇಕು.

ಈ ತೊಡಕನ್ನು ಬಿಡಿಸಿದ್ದು ಡಿಸಿಸಿ ಎಂಬ ಡಿಜಿಟಲ್ ಪದ್ಧತಿ. ಜರ್ಮನಿಯ ಗೀಸೆನ್ ಊರಿನ ಲೆಂಜ್ ಕಂಪನಿ 1980ರ ದಶಕದ ಕೊನೆಯಲ್ಲಿ ರೂಪಿಸಿದ್ದನ್ನು, ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ 1990ರ ದಶಕದಲ್ಲಿ ಎಲ್ಲ ಕಂಪನಿಗಳೂ ಬಳಸಬಹುದಾದ ಮಾನದಂಡವಾಗಿ ಒಪ್ಪಿಕೊಂಡಿತು. ಇಲ್ಲಿ ಹಳಿಯಲ್ಲಿ ಯಾವಾಗಲೂ ಸುಮಾರು 15 ವೋಲ್ಟ್ ಇರುತ್ತದೆ. ಅದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಕರೆಂಟು. ಅರ್ಧ ಮಿಡಿತ 58 ಮೈಕ್ರೊಸೆಕೆಂಡ್ ಇದ್ದರೆ ‘ಒಂದು’, 100 ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ಸೊನ್ನೆ’. ಈ ಒಂದು ಸೊನ್ನೆಗಳಲ್ಲೇ ಎಂಜಿನ್ನಿನ ವಿಳಾಸವೂ ಅಪ್ಪಣೆಯೂ ಅಡಗಿರುತ್ತವೆ. ಓಣಿಯಲ್ಲಿ ಎಲ್ಲರಿಗೂ ಕೇಳುವಂತೆ ಹೆಸರು ಹಿಡಿದು ಕೂಗಿದ ಹಾಗೆ: ಕೇಳುವವರು ಎಲ್ಲರೂ, ಓಗೊಡುವವರು ಒಬ್ಬರೇ. ಕೇಳಿಸಿಕೊಂಡು ಮೋಟಾರನ್ನು ಓಡಿಸುವ ಕೆಲಸ ಎಂಜಿನ್ನಿನೊಳಗಿನ ಡಿಕೋಡರ್ ಎಂಬ ಚಿಕ್ಕ ಸರ್ಕಿಟ್ಟಿನದು, ಮೊದಲು ಹೇಳಿದ ಚಿಪ್ ಇದೇ.

ಹೀಗೆ ಎಲ್ಲ ಸಲೀಸಾಗಿದ್ದ ಮೇಲೆ ಹಿಂದಕ್ಕೆ ಹೋಗುವುದೇಕೆ? ಉತ್ತರ ಎಂಜಿನ್ನಿನ ಆಯುಸ್ಸಿನಲ್ಲಿದೆ. ಒಳ್ಳೆಯ ಮೋಟಾರು, ಹಿತ್ತಾಳೆಯ ಗೇರು, ಎರಕದ ಚಾಸಿ, ಇವಕ್ಕೆ ಆಗಾಗ ಒಂದು ಹನಿ ಎಣ್ಣೆ ಬಿಟ್ಟರೆ ದಶಕಗಳೇ ಬಾಳುತ್ತವೆ. ಡಿಕೋಡರಿಗೆ ಆ ಭಾಗ್ಯವಿಲ್ಲ. ಒಂದು ಶಾರ್ಟ್ ಸರ್ಕಿಟ್ ಸಾಕು, ಸುಟ್ಟ ವಾಸನೆ ಬಂತೆಂದರೆ ಮುಗಿಯಿತು. ಕೆಲವು ಸಲ ಡಿಕೋಡರ್ ಚೆನ್ನಾಗಿಯೇ ಇರುತ್ತದೆ, ಅದರ ಭಾಷೆ ಬಲ್ಲ ಯಂತ್ರ ಮಾತ್ರ ಎಲ್ಲೂ ಸಿಗುವುದಿಲ್ಲ. ಇಂಗ್ಲೆಂಡಿನ ಹಾರ್ನ್‌ಬಿ ಕಂಪನಿ 1980ರ ಹೊತ್ತಿಗೆ ‘ಜೀರೊ 1’ ಎಂಬ ತನ್ನದೇ ಡಿಜಿಟಲ್ ವ್ಯವಸ್ಥೆ ತಂದಿತ್ತು. ಹದಿನಾರು ಎಂಜಿನ್‌ಗಳನ್ನು ಬೇರೆ ಬೇರೆಯಾಗಿ ನಡೆಸಬಹುದಾಗಿತ್ತು. ಅದು ಬಾಳಲಿಲ್ಲ. ಆ ಕಾಲದ ಮಾಡ್ಯೂಲ್ ಹೊತ್ತ ಎಂಜಿನ್‌ಗಳಿಗೆ ಇಂದಿನ ಡಿಸಿಸಿ ಅರ್ಥವಾಗುವುದಿಲ್ಲ. ಮಾಡ್ಯೂಲ್ ತೆಗೆದು ಎರಡು ವೈರುಗಳನ್ನು ಮೋಟಾರಿಗೆ ಸೇರಿಸಿದರೆ ಮಾತ್ರ ಇವತ್ತಿಗೂ ಗಡದ್ದಾಗಿ ಓಡುತ್ತವೆ. ಚಿಪ್ ಸತ್ತಿತೆಂದು ಎಂಜಿನ್ನನ್ನೇ ಷೋಕೇಸಿಗೆ ಏರಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ವಿಷಯ ನೋಡಿಕೊಳ್ಳಬೇಕು. ಬಹುಪಾಲು ಡಿಸಿಸಿ ಡಿಕೋಡರುಗಳು ಅನಲಾಗ್, ಅಂದರೆ ಹಳೆಯ ಡಿ.ಸಿ. ಕರೆಂಟಿನಲ್ಲೂ ಓಡಬಲ್ಲವು. ಡಿಕೋಡರಿನ ಸೆಟ್ಟಿಂಗುಗಳಲ್ಲಿ ‘ಸಿವಿ 29’ ಎಂಬುದರ ಒಂದು ಬಿಟ್, ಅಂದರೆ 4ರ ಮೌಲ್ಯದ್ದು, ಇದಕ್ಕೆಂದೇ ಇದೆ. ಅಲ್ಲಿ 2 ಇದ್ದರೆ 6 ಮಾಡಿದರೆ ಆಯಿತು. ತಮಾಷೆಯೆಂದರೆ ಇದನ್ನು ಬದಲಿಸಲು ಡಿಜಿಟಲ್ ಕಂಟ್ರೋಲರೇ ಬೇಕು, ಗೆಳೆಯರಲ್ಲಿ ಯಾರ ಬಳಿಯಾದರೂ ಬೇಡಿ ತರಬೇಕು. ಆದರೂ ಇದು ಅರೆಬರೆ ಪರಿಹಾರ. ಡಿಕೋಡರ್ ಎಚ್ಚರಗೊಳ್ಳಲು ಐದಾರು ವೋಲ್ಟಾದರೂ ಬೇಕು, ಸದ್ದು ಮಾಡುವ ಡಿಕೋಡರಿಗೆ ಇನ್ನೂ ಹೆಚ್ಚು. ಗುಂಡಿ ತಿರುಗಿಸುತ್ತಾ ಹೋದರೂ ಎಂಜಿನ್ ಕದಲುವುದಿಲ್ಲ, ಅರ್ಧ ದಾಟಿದ ಮೇಲೆ ದಡಕ್ಕನೆ ಎದ್ದು ಹೊರಡುತ್ತದೆ. ಮಿಡಿತಗಳಲ್ಲಿ ಕರೆಂಟು ಕೊಡುವ ಕಂಟ್ರೋಲರಿದ್ದರೆ ಡಿಕೋಡರ್ ಗಲಿಬಿಲಿಗೊಂಡು ಹೇಗೆಂದರೆ ಹಾಗೆ ವರ್ತಿಸುತ್ತದೆ. ಸ್ಟೇಷನ್ನಿಗೆ ಮೆಲ್ಲಗೆ ಬಂದು ನಿಲ್ಲುವ ರೈಲು ನೋಡಬೇಕೆನ್ನುವವರಿಗೆ ಚಿಪ್ ತೆಗೆಯುವುದೇ ಸರಿ.

ಅದೃಷ್ಟವಿದ್ದರೆ ಕವಚ ಬಿಚ್ಚಿದಾಗ ಡಿಕೋಡರ್ ಒಂದು ಸಾಕೆಟ್ಟಿನಲ್ಲಿ ಕೂತಿರುತ್ತದೆ. ಎಚ್‌ಒ ಎಂಬ 1:87 ಅಳತೆಯ ಎಂಜಿನ್‌ಗಳಲ್ಲೂ, ಬ್ರಿಟಿಷರ ಒಒ ಎಂಬ 1:76 ಅಳತೆಯವುಗಳಲ್ಲೂ ಬಹುಕಾಲ ಚಾಲ್ತಿಯಲ್ಲಿದ್ದದ್ದು ಎಂಟು ಪಿನ್ನಿನ ಸಾಕೆಟ್: ನಾಲ್ಕರಂತೆ ಎರಡು ಸಾಲು, ಪಿನ್ನಿನಿಂದ ಪಿನ್ನಿಗೆ 2.54 ಮಿ.ಮೀ. ಡಿಕೋಡರ್ ಕಿತ್ತು ಅದರ ಜಾಗಕ್ಕೆ ‘ಬ್ಲ್ಯಾಂಕಿಂಗ್ ಪ್ಲಗ್’ ಹಾಕಿದರೆ ಕೆಲಸ ಮುಗಿಯಿತು. ಕೊಳ್ಳಲು ಸಿಗದಿದ್ದರೆ ಕೈಯಲ್ಲೇ ಮಾಡಿಕೊಳ್ಳಬಹುದು. ಬೆಂಗಳೂರಿನವರಾದರೆ ಎಸ್‌.ಪಿ. ರೋಡಿನಲ್ಲಿ ತೆಳು ದುಂಡು ಪಿನ್ನಿನ ಪಟ್ಟಿ ಕೇಳಿ ನೋಡಬಹುದು. ಚೌಕ ಪಿನ್ನು ದಪ್ಪ, ಸಾಕೆಟ್ಟಿನ ಬಾಯಿ ಅಗಲಿಸುತ್ತದೆ. ಒಂದನೆಯ ಪಿನ್ನಿಗೆ ಎದುರಿನದು ಎಂಟನೆಯದು, ನಾಲ್ಕನೆಯದಕ್ಕೆ ಎದುರಿನದು ಐದನೆಯದು. ಈ ಎರಡು ಜೋಡಿಗಳನ್ನು ಬೆಸೆದರೆ ಹಳಿಯ ಕರೆಂಟು ಮೋಟಾರಿಗೆ ದಾರಿ ಕಂಡುಕೊಳ್ಳುತ್ತದೆ. ಮೋಟಾರಿನ ಮಟ್ಟಿಗೆ ಈ ಪ್ಲಗ್ಗನ್ನು ಹೇಗೆ ತಿರುಗಿಸಿ ಹಾಕಿದರೂ ಒಂದೇ. 21 ಪಿನ್ನಿನ, 22 ಪಿನ್ನಿನ ಹೊಸ ಸಾಕೆಟ್ಟುಗಳಲ್ಲಿ ಇಂಥ ಕೈಚಳಕ ತೋರಿಸಲು ಹೋಗದೆ ರೆಡಿಮೇಡ್ ಪ್ಲಗ್ ತರಿಸುವುದು ಕ್ಷೇಮ.

ಸಾಕೆಟ್ ಇಲ್ಲದೆ ಡಿಕೋಡರನ್ನು ನೇರವಾಗಿ ಬೆಸೆದಿದ್ದರೆ ವೈರಿನ ಬಣ್ಣ ನೋಡಬೇಕು. ಕೆಂಪು ಬಲ ಹಳಿಯದು, ಕಪ್ಪು ಎಡ ಹಳಿಯದು. ಕಿತ್ತಳೆ ಮತ್ತು ಬೂದು ಮೋಟಾರಿನವು. ಕೆಂಪಿಗೆ ಕಿತ್ತಳೆ, ಕಪ್ಪಿಗೆ ಬೂದು ಸೇರಿಸಬೇಕು. ಹಿಂದಿನ ಯಜಮಾನರು ಕೈಗೆ ಸಿಕ್ಕ ವೈರು ಹಾಕಿರುವುದೂ ಉಂಟು, ಹಾಗಾಗಿ ಬಣ್ಣವನ್ನು ಕಣ್ಣುಮುಚ್ಚಿ ನಂಬದೆ ಮಲ್ಟಿಮೀಟರಿನಲ್ಲಿ ಪರೀಕ್ಷಿಸಬೇಕು. ಹಳಿಗೇರಿಸುವ ಮುನ್ನ ಚಕ್ರಗಳಿಗೆ 9 ವೋಲ್ಟ್ ಬ್ಯಾಟರಿ ತಾಗಿಸಿ ನೋಡುವುದು ಹಳಬರ ಅಭ್ಯಾಸ.

ನಿಜವಾದ ತಲೆನೋವು ದೀಪದ್ದು. ಡಿಕೋಡರ್ ಇದ್ದಾಗ ನೀಲಿ ವೈರಿನಿಂದ ದೀಪಕ್ಕೆ ಒಂದೇ ಸಮನೆ ವಿದ್ಯುತ್ ಸಿಗುತ್ತಿತ್ತು, ನಿಂತ ರೈಲಿನಲ್ಲೂ ಬೆಳಗುತ್ತಿತ್ತು. ಅನಲಾಗ್‌ನಲ್ಲಿ ಗುಂಡಿ ಸೊನ್ನೆಗೆ ಬಂದರೆ ದೀಪವೂ ಆರುತ್ತದೆ. ಇದಕ್ಕೆ ಸುಲಭದ ಮದ್ದಿಲ್ಲ, ಒಪ್ಪಿಕೊಳ್ಳಬೇಕು. ದಿಕ್ಕಿಗೆ ತಕ್ಕಂತೆ ಮುಂದಿನ ಅಥವಾ ಹಿಂದಿನ ದೀಪ ಹೊತ್ತಿಸುವುದು ಮಾತ್ರ ಕಷ್ಟವಲ್ಲ. ಎರಡು ಎಲ್‌ಇಡಿಗಳನ್ನು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಹಳಿಯ ವೈರುಗಳಿಗೆ ಸೇರಿಸಿ, ಪ್ರತಿಯೊಂದಕ್ಕೂ ಸುಮಾರು 1 ಕಿಲೊಓಮ್ ರೆಸಿಸ್ಟರ್ ಮತ್ತು ಒಂದು ಡಯೋಡ್ ಹಾಕಬೇಕು. ಡಯೋಡ್ ಬಿಟ್ಟರೆ ಹಿಮ್ಮುಖ ವೋಲ್ಟೇಜ್ ತಾಳದೆ ಎಲ್‌ಇಡಿ ಹಾಳಾಗಬಹುದು. ಸೀಟಿ, ಉಗಿಯ ಸದ್ದು ಇವುಗಳ ಆಸೆಯನ್ನಂತೂ ಚಿಪ್ ಜೊತೆಗೇ ಬಿಡಬೇಕು.

ಮೆರ್ಕ್ಲಿನ್ ಕಂಪನಿಯ ಕಥೆಯೇ ಬೇರೆ. ಜರ್ಮನಿಯ ಗೋಪಿಂಗೆನ್ನಿನಲ್ಲಿ 1859ರಲ್ಲಿ ಶುರುವಾದ ಈ ಹಳೇ ಮನೆತನದ ಎಚ್‌ಒ ರೈಲುಗಳು ಓಡುವುದು ಎ.ಸಿ. ಕರೆಂಟಿನಲ್ಲಿ. ಹಳಿಯ ನಡುವೆ ಮೂರನೆಯ ವಿದ್ಯುತ್ ದಾರಿ ಇರುತ್ತದೆ. ದಿಕ್ಕು ಬದಲಾಗುವುದು 24 ವೋಲ್ಟಿನ ಒಂದು ಹೊಡೆತದಿಂದ. ಇವುಗಳ ಡಿಕೋಡರ್ ತೆಗೆದರೆ ಎರಡು ವೈರು ಬೆಸೆದು ಕೈತೊಳೆಯುವಂತಿಲ್ಲ, ದಿಕ್ಕು ಬದಲಿಸುವ ಪ್ರತ್ಯೇಕ ಘಟಕ ಕೂರಿಸಬೇಕು. 220 ವೋಲ್ಟಿಗೆಂದು ಮಾಡಿದ ಹಳೆಯ ನೀಲಿ ಟ್ರಾನ್ಸ್‌ಫಾರ್ಮರುಗಳು ಇಂದಿನ 230 ವೋಲ್ಟಿನಲ್ಲಿ ಆ ಹೊಡೆತವನ್ನು ಇನ್ನಷ್ಟು ಜೋರಾಗಿ ಕೊಡುತ್ತವೆ, ಎಲೆಕ್ಟ್ರಾನಿಕ್ಸ್ ಇರುವ ಎಂಜಿನ್‌ಗಳಿಗೆ ಅದು ಕೇಡು.

ನಮ್ಮಲ್ಲಿ ಇಂಥ ಎಂಜಿನ್‌ಗಳು ಮನೆಗೆ ಬರುವುದು ಹೆಚ್ಚಾಗಿ ಹೊರದೇಶದಲ್ಲಿರುವ ಅಣ್ಣನೋ ಚಿಕ್ಕಪ್ಪನೋ ತಂದುಕೊಟ್ಟದ್ದರಿಂದ. ಅಮೆರಿಕದಿಂದ ಬಂದ ಪೆಟ್ಟಿಗೆಯಾದರೆ ಮೊದಲು ಪವರ್ ಪ್ಯಾಕಿನ ಮೇಲಿನ ಬರಹ ಓದಿ. ಅಲ್ಲಿನ ಮನೆಗಳ ಕರೆಂಟು 120 ವೋಲ್ಟ್. ಅದಕ್ಕಷ್ಟೇ ಮಾಡಿದ ಪವರ್ ಪ್ಯಾಕನ್ನು ಇಲ್ಲಿನ ಸಾಕೆಟ್ಟಿಗೆ ಚುಚ್ಚಿದರೆ ಸುಟ್ಟುಹೋಗುತ್ತದೆ. ತೆಗೆದ ಡಿಕೋಡರನ್ನು ಎಸೆಯದೆ ಎಂಜಿನ್ನಿನ ಡಬ್ಬಿಯಲ್ಲೇ ಇಡಿ, ಮುಂದೆ ಕೊಳ್ಳುವವರಿಗೆ ಬೇಕಾಗಬಹುದು. ಡಬ್ಬಿಯ ಮೇಲೆ ‘ಅನಲಾಗ್’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಚಿಪ್ ಇಲ್ಲದ ಎಂಜಿನ್ನನ್ನು ಮರೆತು ಡಿಜಿಟಲ್ ಹಳಿಯ ಮೇಲಿಟ್ಟರೆ ಮೋಟಾರು ನಿಂತಲ್ಲೇ ಗುಂಯ್‌ಗುಟ್ಟಿ ಬಿಸಿಯೇರುತ್ತದೆ. ತಕ್ಷಣ ಎತ್ತದಿದ್ದರೆ ಸುರುಳಿಯೇ ಸುಡಬಹುದು.