ಕಣ್ಣೀರಿನ ಪರೀಕ್ಷೆ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಒಬ್ಬ ತಾಯಿಯು ನಮಗೆ ಹಾಕಿದ ಪ್ರಶ್ನೆಯು ವಾಚಕರಿಗೂ ವಿಚಿತ್ರವೆನಿಸಬಹುದು. “ಕಣ್ಣಾಗ ದಿನಾ ನೀರು ಸುರೀತೈತ್ರಿ. ಡಾಕ್ಟರು ನೋಡಿದರ ಕಣ್ಣು ಒಣಗ್ಯಾವ ಅಂತಾರ. ಇದೆಂಥಾ ಮಾತ್ರೀ?” ಸಂಜೆಯಾಗುತ್ತಲೆ ಆಕೆಯ ಕಣ್ಣು ಕೆಂಪೇರಿ, ಉಸುಕು ಬಿದ್ದಂತೆ ಚುಚ್ಚುವವು. ಸೀರೆಯ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿಯಿಟ್ಟು ಜೋಡಿಸುವದು ಇಳಕಲ್ ಸೀರೆಯ ವೈಶಿಷ್ಟ್ಯವಷ್ಟೆ. ಆ ಎಳೆಗಳೇ ಆಕೆಗೆ ಮಸುಕಾಗತೊಡಗಿದ್ದವು.

ಡಾಕ್ಟರರ ಮಾತು ನಿಜವೇ. ಕಣ್ಣಿನ ಮೇಲೆ ಸದಾ ಹರಡಿರುವ ಕಣ್ಣೀರಿನ ತೆಳುಪದರವು ಬರಿಯ ನೀರಲ್ಲ. ಕೆಳಗೆ ಅಂಟಿಕೊಳ್ಳುವ ಲೋಳೆ, ನಡುವೆ ಉಪ್ಪುನೀರು, ಮೇಲೆ ರೆಪ್ಪೆಯಂಚಿನ ಗ್ರಂಥಿಗಳು ಒಸರುವ ಎಣ್ಣೆ, ಈ ಮೂರೂ ಕೂಡಿದರೇ ಅದು ನಿಲ್ಲುವದು. ಎಣ್ಣೆಯು ಕಡಮೆಯಾದರೆ ನೀರು ಬೇಗನೆ ಆರಿ ಕಣ್ಣು ಉರಿಯುವದು. ಆ ಉರಿಯನ್ನು ತಾಳದೆ ಕಣ್ಣೀರಿನ ಗ್ರಂಥಿಯು ಒಮ್ಮೆಲೆ ನೀರು ಸುರಿಸುವದು. ಆದರೆ ಆ ನೀರು ಕಣ್ಣಿನಲ್ಲಿ ನಿಲ್ಲದೆ ಕೆನ್ನೆಗಿಳಿಯುವದು. ಎಳೆಯನ್ನು ದಿಟ್ಟಿಸುವವರು ರೆಪ್ಪೆ ಬಡಿಯುವದನ್ನೇ ಮರೆಯುವರು. ಮೊಬೈಲು ಹಿಡಿದ ನಮ್ಮ ಮಕ್ಕಳೂ ಹಾಗೆಯೇ. ಮೇಲಾಗಿ ಈ ಸೀಮೆಯಲ್ಲಿ ಇಳಕಲ್ಲಿನ ಗ್ರಾನೈಟ ಧೂಳು, ಬಾದಾಮಿಯ ಗುಡ್ಡಗಳ ಕಾದ ಗಾಳಿ, ಹುನಗುಂದದ ಎರೆಹೊಲಗಳಲ್ಲಿ ರಾಶಿಯ ಕಾಲದ ಹೊಟ್ಟು ಬೇರೆ.

ಆಕೆಯ ಕಣ್ಣೀರನ್ನು ಡಾಕ್ಟರರು ಅಳೆದ ರೀತಿಯು ಸರಳವಾದದ್ದು. 1903ರಲ್ಲಿ ಜರ್ಮನ್ ವೈದ್ಯ ಓಟ್ಟೊ ಶಿರ್ಮರನು ಇದನ್ನು ಬಳಕೆಗೆ ತಂದನು. 5 ಮಿಲಿಮೀಟರು ಅಗಲ, 35 ಮಿಲಿಮೀಟರು ಉದ್ದದ ಸೋಸುಕಾಗದದ ಪಟ್ಟಿಯ ತುದಿಯನ್ನು ಮಡಿಸಿ ಕೆಳರೆಪ್ಪೆಯೊಳಗೆ ಸಿಕ್ಕಿಸುವರು. 5 ನಿಮಿಷದ ಮೇಲೆ ತೆಗೆದು ಎಷ್ಟು ನೆನೆದಿದೆಯೆಂದು ನೋಡುವರು. 5 ಮಿಲಿಮೀಟರಿಗಿಂತ ಕಡಮೆಯಾದರೆ ಕಣ್ಣೀರೇ ಸಾಲದೆಂದು ತಿಳಿಯಬೇಕು. “ಬಣ್ಣದಾಗ ನೂಲಿನ ತುದಿ ಅದ್ದಿದರ ಏರತೈತಲ್ರಿ, ಹಂಗ ಏರಿತು,” ಎಂದಳು ಆ ತಾಯಿ. ನಾವು ಇಷ್ಟು ಚೆನ್ನಾಗಿ ವಿವರಿಸಲಾರೆವು!

ಆಕೆಯ ಪಟ್ಟಿಯು ಸಾಕಷ್ಟು ನೆನೆದಿತ್ತು. ಆಗ ಡಾಕ್ಟರರು ಫ್ಲೋರೆಸೀನ್ ಎಂಬ ಹಳದಿ ಬಣ್ಣವನ್ನು ಸೋಂಕಿಸಿ ನೀಲಿ ಬೆಳಕಿನಲ್ಲಿ ನೋಡಿದರು. ರೆಪ್ಪೆ ಬಡಿದ ನಾಲ್ಕೇ ಸೆಕೆಂಡಿನಲ್ಲಿ ಪದರವು ಒಡೆಯಿತು. 10 ಸೆಕೆಂಡಾದರೂ ನಿಲ್ಲಬೇಕಿತ್ತು. ಕೊರತೆಯು ನೀರಿನದಲ್ಲ, ಎಣ್ಣೆಯದು. ಪಟ್ಟಿಯು ಒಣಗಿಯೇ ಉಳಿದು, ಬಾಯಿಯೂ ಒಣಗುತ್ತ, ಕೀಲುಗಳೂ ನೋಯುತ್ತಿದ್ದರೆ ದಾರಿಯೇ ಬೇರೆಯಾಗುತ್ತಿತ್ತು. ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ ರೋಗವು ಅಂಥದು. ಅದು ಮೈಯನ್ನೆಲ್ಲ ವ್ಯಾಪಿಸುವದು.

ಕಣ್ಣೀರಿನೊಳಗೆ ಏನಿದೆಯೆಂಬ ಕುತೂಹಲವೂ ಹಳೆಯದೇ. ಪೆನಿಸಿಲಿನ್ನಿನ ಫ್ಲೆಮಿಂಗನು ಅದಕ್ಕೂ ಮುಂಚೆ, 1922ರಲ್ಲಿ, ಸೂಕ್ಷ್ಮಜೀವಿಗಳನ್ನು ಕರಗಿಸುವ ಲೈಸೊಜೈಮ್ ಎಂಬ ವಸ್ತುವನ್ನು ಪ್ರಕಟಿಸಿದನು. ಅದು ಕಣ್ಣೀರಿನಲ್ಲಿಯೂ ಹೇರಳವಾಗಿದೆ. ಅದರ ಶೋಧಕ್ಕಾಗಿ ಜೊತೆಗಾರರ ಕಣ್ಣಿಗೆ ನಿಂಬೆಯನ್ನು ಹಿಂಡಿ ಕಣ್ಣೀರು ಬರಿಸುತ್ತಿದ್ದನಂತೆ! ಇಂದು ಒಂದು ಚಿಕ್ಕ ಹನಿಯಿಂದಲೇ ಉಪ್ಪಿನ ಸಾಂದ್ರತೆಯನ್ನೂ, ಉರಿಯೂತದಲ್ಲಿ ಹೆಚ್ಚುವ ಕಿಣ್ವವನ್ನೂ ಅಳೆಯುವ ಉಪಕರಣಗಳು ಬಂದಿವೆ.

ನಮ್ಮ ಸೀಮೆಯಲ್ಲಿ ಕಣ್ಣಿನ ರೋಗವೆಂದರೆ ಪೊರೆಯೆಂದೇ ನಂಬುಗೆ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಮುರುಗೆಪ್ಪ ಚನ್ನವೀರಪ್ಪ ಮೋದಿಯವರು ಊರೂರಿಗೆ ಹೋಗಿ ಪೊರೆ ತೆಗೆದ ನೆನಪು ಹಿರಿಯರಿಗಿದೆ. ಪೊರೆಯನ್ನು ತೆಗೆದರೆ ತೀರಿತು. ಕಣ್ಣಿನ ಮೇಲ್ಮೈಯ ರೋಗವು ಹಾಗೆ ತೀರುವದಿಲ್ಲ. ಬೇಸರಪಟ್ಟು ಜನರು ಅಂಗಡಿಯ ಹನಿಯನ್ನು ತರುವರು. ಆ ತಾಯಿಯೂ ತಂದಿದ್ದಳು. ಸ್ಟಿರಾಯ್ಡ್ ಬೆರೆತ ಹನಿಯು ಕೆಂಪನ್ನು ಕೂಡಲೆ ಅಡಗಿಸುವದೇನೋ ಸರಿ. ಸಲಹೆಯಿಲ್ಲದೆ ಬಹುದಿನ ಹಾಕಿದರೆ ಕಣ್ಣಿನೊತ್ತಡವೂ ಪೊರೆಯೂ ಬೆಳೆಯಬಹುದು.

ಆಕೆಗೆ ಡಾಕ್ಟರರು ಅದನ್ನು ನಿಲ್ಲಿಸಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹದವಾದ ಬಿಸಿಯಲ್ಲಿ ಮುಚ್ಚಿದ ರೆಪ್ಪೆಗಳ ಮೇಲಿಡಲು ಹೇಳಿದರು. ಗಟ್ಟಿಯಾದ ಎಣ್ಣೆಯು ಅದರಿಂದ ಕರಗುವದು. ಕೃತಕ ಕಣ್ಣೀರಿನ ಹನಿಯನ್ನೂ ಕೊಟ್ಟರು. ನಾವು ಮತ್ತೆ ಹೋದಾಗ ಲಾಳಿಯ ಪಕ್ಕದಲ್ಲಿ ಆ ಹನಿಯ ಸೀಸೆಯಿತ್ತು. ಫ್ಯಾನು ಮುಖಕ್ಕೆ ಬೀಸದಂತೆ ತಿರುಗಿತ್ತು. ಆಕೆಯು ನಾಲ್ಕು ಬೆರಳು ನೇಯುವದು, ರೆಪ್ಪೆ ಬಡಿಯುವದು, ಮತ್ತೆ ನೇಯುವದು ನಡೆದಿತ್ತು.